ಸಿ ಹತ್ತು, ಎಚ್ ಎಂಟು

ಪಾಳ್ಯದ ದೇವೀರಪ್ಪ ಪಂಪ್‌ಸೆಟ್ಟಿಗೆ, ಫೋನಿಗೆ, ಗ್ಯಾಸಿಗೆ ಎಲ್ಲಕ್ಕೂ ಅರ್ಜಿ ತುಂಬಿ ಪಳಗಿದವನು. ಆದರೆ ವೆನಿಲ್ಲಾ ಬೆಳೆಗಾರರ ಸಂಘದವರು ಕೊಟ್ಟ ಹಳದಿ ಹಾಳೆ ಅವನನ್ನು ಜಗಲಿಯ ಮೇಲೆ ಅರ್ಧ ಗಂಟೆ ಪೆನ್ನು ಕಚ್ಚಿಕೊಂಡು ಕೂರುವಂತೆ ಮಾಡಿತು. ಹೂವಿಗೆ ಪರಾಗ ಮುಟ್ಟಿಸಿದ ಸಮಯ? ಕೋಡು ಅದ್ದಿದ ನೀರಿನ ಶಾಖ? ಕಂಬಳಿಯಲ್ಲಿ ಸುತ್ತಿಟ್ಟ ದಿನಗಳೆಷ್ಟು? ತನ್ನದೇ ತೋಟದ ಬಗ್ಗೆ ಇಷ್ಟೆಲ್ಲ ಕೇಳಬಹುದೆಂದು ಅವನಿಗೆ ಹೊಳೆದಿರಲಿಲ್ಲ.

"ಲೇ ಸುಮಿತ್ರಾ, ನಮ್ಮ ನೀರು ಎಷ್ಟು ಬಿಸಿ ಇತ್ತು?"

"ಬೆರಳು ಅದ್ದಿದ್ರೆ ಒಂದು, ಎರಡು ಅನ್ನೋದ್ರೊಳಗೆ ತೆಗೀಬೇಕು. ಅಷ್ಟು," ಎಂದಳು ಒಳಗಿನಿಂದ ಹೆಂಡತಿ.

"ಅದ್ನ ಡಿಗ್ರೀಲಿ ಹೇಳು."

"ಡಿಗ್ರಿ ಮಾಡಿರೋರು ನೀವಲ್ವಾ."

ಎರಡು ಸಾವಿರದ ಮೂರರ ಸುಮಾರು ಅದು. ಸಕಲೇಶಪುರದಿಂದ ಆಲೂರಿನವರೆಗೆ ಕಾಫಿಯವರಿಗೆಲ್ಲ ವೆನಿಲ್ಲಾ ಜ್ವರ. ಈ ಹೂವಿನ ಮದುವೆ ಮಾಡಿಸುವ ಜೇನು ನಮ್ಮ ದೇಶದಲ್ಲಿಲ್ಲ. ಹೂವೋ ಬೆಳಿಗ್ಗೆ ಅರಳಿ ಹನ್ನೊಂದಕ್ಕೆಲ್ಲ ಮುಚ್ಚಿಕೊಳ್ಳುವಂಥದ್ದು. ಹಾಗಾಗಿ ದೇವೀರಪ್ಪನ ತೋಟದಲ್ಲಿ ಜೇನಿನ ಕೆಲಸ ಸುಮಿತ್ರಳಿಗೆ ಬಂತು. ಹಾಲು ಕರೆದು, ರೊಟ್ಟಿ ತಟ್ಟಿ, ನಡುವೆ ತೋಟಕ್ಕೆ ಓಡಿ, ಕಡ್ಡಿಯ ತುದಿಯಲ್ಲಿ ಒಂದೊಂದೇ ಹೂವನ್ನು ಬಿಡಿಸಿ ಪರಾಗ ಒತ್ತುವುದು. ಒಂಬತ್ತು ತಿಂಗಳಾದ ಮೇಲೆ (ಎಣಿಕೆ ಸರಿಯಾಗಿಯೇ ಇದೆ) ಹುರುಳಿಕಾಯಿಯಂಥ ಉದ್ದನೆಯ ಕೋಡು ಬಿಡಿಸಿ, ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಬಿಸಿಲು ತೋರಿಸಿ ಮತ್ತೆ ಸುತ್ತುವುದು. ಇದನ್ನೆಲ್ಲ ದೇವೀರಪ್ಪ ಪೇಟೆಯಲ್ಲಿ "ನಾವು ಮಾಡಿದ್ದು" ಎನ್ನುತ್ತಿದ್ದ. (ಆ ಬಹುವಚನದಲ್ಲಿ ಅವನ ಪಾಲು ಎಷ್ಟೆಂದು ಯಾರೂ ಕೇಳಿರಲಿಲ್ಲ.)

ಪಾಲು ಇಲ್ಲವೇ ಇಲ್ಲ ಎಂದರೆ ಪಾಪ ಬರುತ್ತದೆ. ಒಂದು ದಿನ ಕಂಬಳಿ ಸಾಲದೆ ಬಂದಾಗ ಅವನೇ ಮಂಚದ ಕೆಳಗಿನ ಟ್ರಂಕ್ ಎಳೆದು ಎರಡು ಉಣ್ಣೆಯ ರಗ್ಗು ತೆಗೆದಿದ್ದ.

"ವಾಸನೆ ಬತ್ತೈತೆ ಕಣ್ರೀ. ಒಗ್ದು ಒಣಗಿಸ್ತೀನಿ."

"ನೀನು ಒಗ್ಯೋಗಂಟ ಇವು ಕಾಯ್ತವಾ? ಆ ಕೋಡು ಕೊಡು ಇಲ್ಲಿ," ಎಂದು ತಾನೇ ಸುತ್ತಿಟ್ಟಿದ್ದ. ಆ ಇಡೀ ವರ್ಷದಲ್ಲಿ ವೆನಿಲ್ಲಾಕ್ಕೆ ಅವನ ಕೈ ತಗಲಿದ್ದು ಅದೊಂದೇ ಸಲ.

ಕೊನೆಗೆ ಪೆನ್ನು ಸುಮಿತ್ರಳ ಕೈಗೆ ಹೋಯಿತು. ಅವಳು ಒಗ್ಗರಣೆ ಸೌಟು ಕೆಳಗಿಟ್ಟು ಬಂದು, ಶಾಖದ ಖಾನೆಗೆ ಬೆರಳಿನ ಲೆಕ್ಕವನ್ನೇ ಬರೆದು, ಉಳಿದ ಖಾನೆಗಳನ್ನೂ ಸರಸರನೆ ತುಂಬಿದಳು. "ಸಂಸ್ಕರಿಸಿದವರ ಹೆಸರು" ಎಂಬ ಕಟ್ಟಕಡೆಯ ಖಾನೆಯಲ್ಲಿ "ಶ್ರೀಮತಿ ಸುಮಿತ್ರ" ಎಂದು ಬರೆದಳು.

"ನಿನ್ನ ಹೆಸರು ಬರ್ದಿದೀಯಲ್ಲೇ."

"ಕೇಳಿದ್ರು, ಬರ್ದೆ."

ಅರ್ಜಿಯನ್ನು ಯಾರು ಓದುತ್ತಾರೆ ಎಂದುಕೊಂಡು ದೇವೀರಪ್ಪ ಸುಮ್ಮನಾದ. ತಾನು ಸುತ್ತಿಟ್ಟಿದ್ದ ಕಟ್ಟನ್ನೇ ಮಾದರಿಗೆಂದು ಆರಿಸಿ, ಸಕಲೇಶಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಸಂಘದ ಕಾರ್ಯದರ್ಶಿ ಜಯಕುಮಾರನಿಗೆ ಕೊಟ್ಟು ಬಂದ. ಕಾಗದದ ಗಿರಣಿಯ ಕೊಳಚೆಯಿಂದಲೂ ಕಾರ್ಖಾನೆಯವರು ಇದೇ ಪರಿಮಳ ಮಾಡುತ್ತಾರಂತೆ. ಅದನ್ನು ಸಪ್ಪೆ ಕೋಡಿಗೆ ಬಳಿದು ಮಾರುವವರೂ ಇದ್ದಾರಂತೆ. ಅದಕ್ಕೇ ಕೊಳ್ಳುವವರು ಲ್ಯಾಬಿನ ರಿಪೋರ್ಟ್ ಕೇಳುತ್ತಾರೆ ಎಂದು ಜಯಕುಮಾರ ವಿವರಿಸಿದ. ಕೊಳಚೆಯಲ್ಲಿರುವುದೂ ತನ್ನ ತೋಟದಲ್ಲಿರುವುದೂ ಒಂದೇ ಹೇಗಾಯಿತೆಂದು ದೇವೀರಪ್ಪನಿಗೆ ಬಸ್ಸು ಹತ್ತಿದ ಮೇಲೂ ತಿಳಿಯಲಿಲ್ಲ.

ತಿಂಗಳ ಮೇಲೆ ರಿಪೋರ್ಟ್ ಬಂತು. ಜಯಕುಮಾರ ಯೂರಿಯಾ ಮೂಟೆಯ ಮೇಲೆ ಕೂತು ಓದಿದ.

"ವೆನಿಲಿನ್, ಅಂದ್ರೆ ಆ ಪರಿಮಳ, ಎರಡು ಪಾಯಿಂಟ್ ಒಂದು ಪರ್ಸೆಂಟು. ಒಳ್ಳೇದೇ. ಕೆಳಗೆ ಇನ್ನೊಂದೈತೆ ಅಣ್ಣ. ಆರ್ಗ್ಯಾನಿಕ್ ಕಾಂಪೌಂಡು, ಸಿ ಹತ್ತು, ಎಚ್ ಎಂಟು."

"ಕಾಂಪೌಂಡು ಎಲ್ಲೈತೋ ಮಾರಾಯ? ನಮ್ಮ ತೋಟಕ್ಕೆ ಇರೋದು ಬೇಲಿ."

"ಆ ಕಾಂಪೌಂಡಲ್ಲ. ಸಾವಯವ ಸಂಯುಕ್ತ ಅಂತ."

"ಸಾವಯವನಾ? ನಾವು ಯೂರಿಯಾ ಹಾಕಿದೀವಲ್ಲ. ನಿನ್ನ ಅಂಗಡೀದೇ."

ಜಯಕುಮಾರ ಬಿ.ಕಾಂ. ಓದಿದವನು. ಗೊತ್ತಿಲ್ಲ ಎನ್ನುವುದು ಕಾರ್ಯದರ್ಶಿಗೆ ಶೋಭೆಯಲ್ಲ. "ನೋಡಿ, ವೆನಿಲಿನ್ ಅಂದ್ರೆ ಸಿ ಎಂಟು, ಎಚ್ ಎಂಟು, ಓ ಮೂರು. ಎಲ್ರುದ್ರಲ್ಲೂ ಅಷ್ಟೇ. ನಿಮ್ದ್ರಲ್ಲಿ ಸಿ ಹತ್ತೈತೆ. ಎರಡು ಜಾಸ್ತಿ."

"ಓ ಎಷ್ಟೈತೆ?"

"ಓ ಇಲ್ಲ."

"ಹೋದ್ರೆ ಹೋಗ್ಲಿ ಬುಡು. ಸಿ ಐತಲ್ಲ."

ರಿಪೋರ್ಟಿನ ಜೊತೆ ಒಂದು ಪತ್ರವೂ ಇತ್ತು. ವಾರ್ಷಿಕ ಸಭೆಗೆ ಲ್ಯಾಬಿನ ಅಧಿಕಾರಿಯೇ ಖುದ್ದು ಬಂದು ಪಾಳ್ಯದ ಮಾದರಿಯ ಬಗ್ಗೆ ಮಾತಾಡುತ್ತಾರೆ, ಸಂಸ್ಕರಿಸಿದವರು ತಪ್ಪದೆ ಹಾಜರಿರಬೇಕು ಎಂದು. ಅಷ್ಟು ಜನರಲ್ಲಿ ತನ್ನ ಮಾದರಿಯೊಂದಕ್ಕೇ ಈ ಮರ್ಯಾದೆ ಎಂದು ತಿಳಿದಾಗ, ಇಷ್ಟು ದಿನ ಬಳ್ಳಿಗೆ ಬಿಡುತ್ತಿದ್ದ ಕೋಡು ದೇವೀರಪ್ಪನ ತಲೆಯ ಮೇಲೂ ಮೂಡಿತು. ಚುಚ್ಚುತ್ತಿದ್ದದ್ದು ಒಂದೇ: ರಿಪೋರ್ಟಿನ ನೆತ್ತಿಯ ಮೇಲಿದ್ದ "ಶ್ರೀಮತಿ ಸುಮಿತ್ರ".

ಊಟಕ್ಕೆ ಕೂತಾಗ ವಿಷಯ ತೆಗೆದ. "ನಿನ್ನ ಹೆಸರು ಯಾಕೆ ಸುಮ್ನೆ. ಸಭೇಲಿ ಇಂಗ್ಲಿಷ್‌ನಾಗೆ ಕೇಳ್ತಾರೆ."

"ಕೇಳ್ಲಿ. ಬಿಸಿನೀರಿಗೆ ಇಂಗ್ಲಿಷ್ ಗೊತ್ತಿತ್ತಾ?" ಸುಮಿತ್ರ ಸಾರು ಬಡಿಸಿದಳು. "ಹದ್ನೆಂಟು ವರ್ಷದಾಗೆ ರೇಷನ್ ಕಾರ್ಡು ಬಿಟ್ರೆ ನನ್ನ ಹೆಸರು ಅಚ್ಚಾಗಿರೋದು ಇಲ್ಲೇ ಕಣ್ರೀ. ಇರ್ಲಿ ಬುಡಿ."

"ಇರ್ಲಿ, ಇರ್ಲಿ," ಎಂದ ದೇವೀರಪ್ಪ. ಮಾರನೆಯ ದಿನವೇ ಜಯಕುಮಾರನ ಅಂಗಡಿಗೆ ಹೋಗಿ, "ಕಣ್ತಪ್ಪಿನಿಂದ ಪತ್ನಿಯ ಹೆಸರು ಸೇರಿದೆ, ಸಂಪೂರ್ಣ ಸಂಸ್ಕರಣೆ ನನ್ನದೇ" ಎಂದು ಪತ್ರ ಬರೆಸಿ, ಸಹಿ ಹಾಕಿ ಕಳಿಸಿದ. ತಿದ್ದಿದ ರಿಪೋರ್ಟ್ ಮನೆಗೇ ಬಂತು. ಲಕೋಟೆ ಒಡೆದವಳು ಸುಮಿತ್ರ. ನೆತ್ತಿಯ ಮೇಲಿನ ಹೆಸರು ಓದಿ, "ಸೀಲು ಚೆನ್ನಾಗಿ ಬಿದ್ದೈತೆ," ಎಂದಷ್ಟೇ ಹೇಳಿ ಹಾಲು ಕಾಯಿಸಲು ಹೋದಳು. ಜಗಳವಾಗಿದ್ದರೆ ದೇವೀರಪ್ಪನಿಗೆ ಸಮಾಧಾನವಿರುತ್ತಿತ್ತು.

ಸಭೆಯ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೊದಲನೆಯ ಸಾಲಿನಲ್ಲಿ ಕೂತ. (ಇಸ್ತ್ರಿ ಯಾರದೆಂದು ಅಂಗಿಯ ಮೇಲೆ ಬರೆದಿರುವುದಿಲ್ಲ.) ಸುಮಿತ್ರ ಹಿಂದೆ ಹೆಂಗಸರ ಸಾಲಿನಲ್ಲಿದ್ದಳು. ಲ್ಯಾಬಿನಿಂದ ಬಂದಿದ್ದವರು ನವ್ಯಶ್ರೀ ಎಂಬ ಕನ್ನಡಕದ ಹುಡುಗಿ. ಅವರು ಕೇಳಿದ್ದೂ ಹೇಳಿದ್ದೂ ಅಚ್ಚ ಕನ್ನಡದಲ್ಲಿ.

"ಪಾಳ್ಯದ ಮಾದರಿಯಲ್ಲಿ ಸಿ ಹತ್ತು, ಎಚ್ ಎಂಟು ಸಿಕ್ಕಿದೆ. ಇದು ವೆನಿಲ್ಲಾದಲ್ಲಿ ಇರೋದಲ್ಲ. ನಿಮ್ಮೆಲ್ಲರ ಮನೆ ಟ್ರಂಕಿನಲ್ಲಿ ಇರೋದು. ನ್ಯಾಫ್ತಲೀನ್. ಅಂದರೆ ನುಸಿಗುಳಿಗೆ."

ಹಿಂದಿನಿಂದ ಯಾರೋ ಕೆಮ್ಮಿದರು. ಆ ಕೆಮ್ಮು ಸಾಲಿನಿಂದ ಸಾಲಿಗೆ ಹಬ್ಬುತ್ತಾ ಬಂದು ನಗುವಾಯಿತು.

"ಸಂಸ್ಕರಿಸಿದವರು ವೇದಿಕೆಗೆ ಬನ್ನಿ."

ದೇವೀರಪ್ಪ ಎದ್ದ. "ಮೇಡಂ, ಅದು ನಮ್ಮನೆಯೋರು..."

"ಇಲ್ಲಿ ದೇವೀರಪ್ಪ ಅಂತಿದೆ. ನೀವೇ ಪತ್ರ ಬರೆದು ತಿದ್ದಿಸಿದ್ದೀರಿ." ನವ್ಯಶ್ರೀ ಕಾಗದ ಎತ್ತಿ ತೋರಿಸಿದರು. "ನಾಚಿಕೊಳ್ಳಬೇಡಿ. ಕಂಬಳಿಯೊಂದು ಬಿಟ್ಟರೆ ಉಳಿದದ್ದೆಲ್ಲ ಬಹಳ ಅಚ್ಚುಕಟ್ಟು. ಈ ಹದಕ್ಕೆ ನೀರು ಕಾಯಿಸೋ ಕೈ ಈ ಕಡೆ ನಾನು ನೋಡಿಲ್ಲ. ಎಷ್ಟು ಹೊತ್ತು ಅದ್ದಿದ್ರಿ?"

ದೇವೀರಪ್ಪ ಹೆಂಗಸರ ಸಾಲಿನ ಕಡೆ ನೋಡಿದ. ಸುಮಿತ್ರ ಮುಂದಿನವರ ಜಡೆಯಲ್ಲಿದ್ದ ಹೂವನ್ನು ನೋಡುತ್ತಿದ್ದಳು.

"ಹದ... ಹದ ಬರೋಗಂಟ," ಎಂದ.

"ಅದನ್ನೇ ಎಲ್ಲರೂ ಕಲೀಬೇಕು. ಈಗ ಹೂ ಬಿಡ್ತಾ ಇದೆಯಲ್ಲ, ಪರಾಗ ಮುಟ್ಟಿಸೋದರಿಂದಲೇ ಶುರು ಮಾಡಿ ಸೋಮವಾರ ನಿಮ್ಮ ತೋಟದಲ್ಲೇ ತರಬೇತಿ ಇಡೋಣ. ಮೂವತ್ತು ಜನ. ನೀವೇ ಕೈಯಾರೆ ಮಾಡಿ ತೋರಿಸಿ."

"ತಿಂಡಿ ಏನ್ಮಾಡಾಣ?" ಎಂದು ಜಯಕುಮಾರ ಕೇಳಿದ.

"ತಿಂಡಿ ನಮ್ಮನೇಲೇ," ಎಂದುಬಿಟ್ಟ ದೇವೀರಪ್ಪ. ಆ ಹೊತ್ತಿನಲ್ಲಿ ಅವನಿಗೆ ಯೋಚನೆಯಿಲ್ಲದೆ ಬರುತ್ತಿದ್ದ ಮಾತು ಅದೊಂದೇ.

ಪಾಳ್ಯದ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಬಸ್ಸು ಪೇಟೆ ದಾಟಿದ ಮೇಲೆ ಅವನು ಮೆಲ್ಲಗೆ, "ಮೂವತ್ತು ಜನಕ್ಕೆ ಕಡುಬು ಮಾಡಿದ್ರೆ ಆಯ್ತದೇನೇ?" ಎಂದ.

"ಮೂವತ್ತೊಂದು."

"ಅದ್ಯಾರು ಇನ್ನೊಬ್ರು?"

"ನಾನು. ತರಬೇತಿಗೆ ಹೆಸರು ಬರ್ಸಿದೀನಿ." ಸುಮಿತ್ರ ವ್ಯಾನಿಟಿ ಬ್ಯಾಗಿನಿಂದ ಸಂಘದ ಚೀಟಿ ತೆಗೆದು ಅವನ ತೊಡೆಯ ಮೇಲಿಟ್ಟಳು. "ಪುಸ್ತಕ, ಪೆನ್ನು ತಗೊಂಡು ಏಳಕ್ಕೆಲ್ಲ ತೋಟದಾಗಿರ್ಬೇಕಂತೆ. ತಿಂಡಿ ಎಂಟೂವರೆಗೆ ಅಂತ ಹಾಕವ್ರೆ. ಅಕ್ಕಿ ತರಿ ಭಾನುವಾರವೇ ಮಾಡಿಟ್ಕೊಳಿ." ಕಿಟಕಿಯ ಕಡೆ ತಿರುಗಿ ಸೇರಿಸಿದಳು: "ಚಟ್ನಿಗೆ ಖಾರ ಒಂಚೂರು ಕಮ್ಮಿ ಇರ್ಲಿ."