ಗೋಡೆ ದಾಟುವ ರಿಮೋಟು

“ರಿಮೋಟು ಗೋಡಿ ದಾಟಬೇಕು ನೋಡಪ್ಪಾ” ಎಂದು ವಿಶ್ವನಾಥಪ್ಪನವರು ಟೀವಿ ಅಂಗಡಿಯಲ್ಲಿ ಪಟ್ಟು ಹಿಡಿದದ್ದೇ ಎಲ್ಲ ಅನಾಹುತಕ್ಕೂ ಮೂಲ.

ಉಳಿದ ಜನರೆಲ್ಲ ಗೋಡೆಯ ಈಚೆಗಷ್ಟೇ ಕೆಲಸ ಮಾಡುವ ರಿಮೋಟು ಹಿಡಿದು ಸುಖವಾಗಿಯೇ ಇದ್ದರು. ಇವರಿಗೆ ಅದು ಸಾಲದು. ಭಾಲ್ಕಿಯಿಂದ ನಾಸಿಕಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತರು. ರವಿವಾರ ಒಳಕೋಣೆಯ ಮಂಚದ ಮೇಲೆ ಅಡ್ಡಾಗಿ, ಅಲ್ಲಿಂದಲೇ ಪಡಸಾಲೆಯ ಟೀವಿಯನ್ನು ಆಳಬೇಕೆಂಬುದು ಅವರ ಆಸೆ.

“ಮತ್ತ, ಒಂದ ಗುಂಡಿ ಒತ್ತಿದ್ರ ರಿಸೀವರೂ ಟೀವೀನೂ ಎರಡೂ ಚಾಲೂ ಆಗ್ಬೇಕು. ಕರೆಂಟ್ ಹೋಗಿ ಬಂದ್ರ ಚಾನೆಲ್ ಮರೀಬಾರ್ದು. ತಾರಸಿ ಮ್ಯಾಲಿನ ಡಿಶ್ ತಾನಾಗೇ ತಿರುಗಬೇಕು. ಕೇಬಲ್‌ನವ್ನು ತಿಂಗಳಾ ಬಂದು ಬಾಗಲಾ ಬಡೀಬಾರ್ದು.”

ಅಂಗಡಿಯ ಗೋವಿಂದ ಕಲಬುರ್ಗಿ ಕಡೆಯವನು. ಕಿವಿ ತುರಿಸಿಕೊಂಡು ಒಳಗೆ ಹೋಗಿ ಒಂದು ಪೆಟ್ಟಿಗೆ ತಂದ. “ಇಷ್ಟೆಲ್ಲ ಇರೋದು ಇಡೀ ನಾಸಿಕದಾಗ ಇದೊಂದೇ ಅದರಿ ಸಾಹೇಬ್ರ. ನಿಮ್ಮ ನಸೀಬು ಅನ್ನಿ.”

ಇಷ್ಟು ಖರ್ಚಿಗೆ ಒಂದು ಕಾರಣವಿತ್ತು. ಹೆಂಡತಿ ಕಸ್ತೂರಿಬಾಯಿಯ ತಂಗಿ ಮೃದುಲಾಳ ಮದುವೆಗೆ ಬ್ಯಾಂಕಿನವರು ರಜೆ ಕೊಟ್ಟಿರಲಿಲ್ಲ. ಹೆಂಡತಿ ಅಂದು ಅತ್ತದ್ದನ್ನು ವಿಶ್ವನಾಥಪ್ಪ ಮರೆತಿರಲಿಲ್ಲ. ಈಗ ಅದೇ ಮೃದುಲಾ ಈ ರವಿವಾರ ಸಂಜೆ ಕನ್ನಡ ವಾಹಿನಿಯಲ್ಲಿ ವಚನ ಹಾಡುವವಳಿದ್ದಳು. “ಮದವಿ ತಪ್ಪಿಸ್ದೆ, ಖರೆ. ಹಾಡು ತಪ್ಪಿಸಂಗಿಲ್ಲ. ಇದು ನನ್ನ ಮಾತು,” ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡಿದ್ದರು.

ಅವರಿದ್ದದ್ದು ಗೋದಾವರಿಯ ಸಮೀಪದ ಹಳೆಯ ವಾಡೆಯ ಕೆಳಮನೆಯಲ್ಲಿ. ಮೇಲೆ ಮನೆಯ ಮಾಲಕಿ ಕಾಶಿಬಾಯಿ ಅಜ್ಜಿ ಒಬ್ಬರೇ ಇದ್ದರು. ಅವರ ಯಜಮಾನ ಮನ್ಮಥಪ್ಪ ಲಾಸಲಗಾಂವ್ ಮಂಡಿಯ ಉಳ್ಳಾಗಡ್ಡಿ ವ್ಯಾಪಾರಿ. ಹೋದ ವರ್ಷ ಇದೇ ಕೆಳಮನೆಯ ಪಡಸಾಲೆಯಲ್ಲಿ, ಆರಾಮಕುರ್ಚಿಯಲ್ಲಿ ಕೂತಲ್ಲೇ ಲಿಂಗೈಕ್ಯರಾದರು. ಕುರ್ಚಿ ಇನ್ನೂ ಅಲ್ಲೇ ಇತ್ತು. ಅದರ ಬಟ್ಟೆ ಯಾರೋ ಈಗಷ್ಟೇ ಎದ್ದು ಹೋದಂತೆ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಕೂಡಲು ವಿಶ್ವನಾಥಪ್ಪನವರಿಗೆ ಯಾಕೋ ಮನಸ್ಸಾಗುತ್ತಿರಲಿಲ್ಲ. ಮುದುಕರ ಕಾಲದ ಡಿಶ್ಶೊಂದು ತಾರಸಿಯ ಮೇಲಿತ್ತು. “ಬಳಸ್ಕೋರಿ, ಸುಮ್ಮ ಬಿದ್ದದ,” ಎಂದಿದ್ದರು ಅಜ್ಜಿ.

ಶನಿವಾರ ಸಂಜೆ ಗೋವಿಂದ ಬಂದು ಎಲ್ಲ ಜೋಡಿಸಿಕೊಟ್ಟು ಹೋದ. ರವಿವಾರ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಪಡಸಾಲೆಯಲ್ಲಿ ಯಾರೋ ಮಾತಾಡಿದರು.

ಹೋಗಿ ನೋಡಿದರೆ ಟೀವಿ ತಾನಾಗಿಯೇ ಶುರುವಾಗಿತ್ತು. ಮರಾಠಿ ಸುದ್ದಿ. ಎದುರಿಗೆ ಖಾಲಿ ಆರಾಮಕುರ್ಚಿ.

“ನೀವ ಹಚ್ಚಿ ಬಂದ್ರೇನು?” ಎಂದಳು ಕಸ್ತೂರಿಬಾಯಿ.

“ನಾ ನಿನ್ನ ಎದುರಿಗೇ ಕುಂತೀನಲ್ಲ!”

ಅಷ್ಟರಲ್ಲಿ ದನಿ ಏರತೊಡಗಿತು. ಪರದೆಯ ಮೇಲಿನ ಹಸಿರು ಪಟ್ಟಿ ಯಾರೋ ಎಳೆದಂತೆ ಉದ್ದವಾಯಿತು. ಪೇಟೆಯ ಧಾರಣೆ ಹೇಳುತ್ತಿದ್ದವನು ಮನೆ ನಡುಗುವಂತೆ ಕೂಗಿದ: “ಲಾಸಲಗಾಂವ್! ಕಾಂದಾ!” ಉಳ್ಳಾಗಡ್ಡಿಯ ದರ ಹೇಳಿ ಮುಗಿಸುತ್ತಲೂ ಟೀವಿ ಟಪ್ಪೆಂದು ಆರಿತು.

ಮಧ್ಯಾಹ್ನವೂ ಅದೇ ಕತೆ. ಈ ಸಲ ತಾರಸಿಯ ಮೇಲಿನ ಡಿಶ್ ಕೂಡ ಕರ್ರ್ ಎಂದು ನರಳುತ್ತ ತಿರುಗಿತು. ವಿಶ್ವನಾಥಪ್ಪ ತಮ್ಮ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಕನ್ನಡ ಬಂದಂತೆ ಮಾಡಿ ಮತ್ತೆ ಮರಾಠಿಗೆ ಜಾರಿತು. ಊಟದ ತಾಟು ಹಾಗೇ ಬಿಟ್ಟು ಎದುರುಮನೆಯ ಗುರುರಾಜರನ್ನು ಕರೆತಂದರು.

ಗುರುರಾಜ ಧಾರವಾಡದವರು, ಸರ್ಕಾರಿ ಮುದ್ರಣಾಲಯದಲ್ಲಿ ನೌಕರಿ. ಕರೆಯದಿದ್ದರೂ ಬರುವವರು, ಕರೆದರಂತೂ ಬಿಡುವವರಲ್ಲ. ಎಲ್ಲ ಕೇಳಿ, ಕುರ್ಚಿಯ ಸುತ್ತ ಒಮ್ಮೆ ತಿರುಗಿ, ದನಿ ತಗ್ಗಿಸಿದರು.

“ಮುದುಕರಿಗೆ ಕಿವಿ ಮಂದ ಇತ್ತು. ಜೋರಾಗಿ ಹಚ್ಚತಿದ್ರು. ಉಳ್ಳಾಗಡ್ಡಿ ದರ ಕೇಳಿದ ಕೂಡ್ಲೇ ಆರಿಸ್ತಿದ್ರು. ವಿಶ್ವನಾಥಪ್ಪ, ನಿಮಗ ತಿಳೀಲಿಲ್ಲೇನು?”

ವಿಶ್ವನಾಥಪ್ಪ ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. “ಲಿಂಗೈಕ್ಯ ಆದೋರು ತಿರುಗಿ ಬರಂಗಿಲ್ಲರಿ. ನಮ್ಮೊಳಗ ಹಂಗ ಇಲ್ಲ.”

“ನಿಮ್ಮೊಳಗ ಇಲ್ಲ. ಟೀವಿಯೊಳಗ ಅದ ಅಲ್ಲ!” ಎಂದರು ಗುರುರಾಜ. “ಒಂದು ಕಪ್ ಚಹಾ ಇಡ್ರಿ ಕುರ್ಚಿ ಮುಂದ. ಸಕ್ಕರಿ ಹಾಕಬ್ಯಾಡ್ರಿ ಮತ್ತ, ಅವರಿಗೆ ಶುಗರ್ ಇತ್ತು.”

ಚಹಾ ಇಟ್ಟರು. ತಾರಸಿಯ ಮೇಲೆ ಡಿಶ್ ಮತ್ತೊಮ್ಮೆ ನರಳಿತು. ಎಲ್ಲರೂ ಕತ್ತೆತ್ತಿ ಸೂರು ನೋಡಿದರು. ಕತ್ತು ಇಳಿಸಿದಾಗ ಕಪ್ಪು ಖಾಲಿಯಾಗಿತ್ತು. ಕಸ್ತೂರಿಬಾಯಿ ಚಿಟ್ಟನೆ ಚೀರಿದಳು. ಗುರುರಾಜರ ಮೀಸೆಗೆ ಕೆನೆ ಹತ್ತಿತ್ತು, ಆದರೆ ಆ ಹೊತ್ತಿನಲ್ಲಿ ಮೀಸೆ ನೋಡುವ ವ್ಯವಧಾನ ಯಾರಿಗಿತ್ತು?

“ಅಕ್ಕನ ಮನಿಯಾಗ ಎಲ್ಲಾರೂ ಕುಂತು ನೋಡ್ರಿ ಅಂತ ಮೃದುಲಾ ಪತ್ರ ಬರದಾಳ,” ಎಂದು ಕಸ್ತೂರಿಬಾಯಿ ಕಣ್ಣೊರೆಸಿಕೊಂಡಳು. “ಇದೂ ಹೋತು ಬಿಡ್ರಿ.”

ಆ ಮಾತು ವಿಶ್ವನಾಥಪ್ಪನವರಿಗೆ ನಾಟಿತು. ಚಪ್ಪಲಿ ಮೆಟ್ಟಿಕೊಂಡು ಗೋವಿಂದನ ಅಂಗಡಿಗೆ ಓಡಿದರು. ರವಿವಾರ ಅರ್ಧ ಮುಚ್ಚಿದ್ದ ಬಾಗಿಲಿನೊಳಗೆ ನುಗ್ಗಿ, “ಏ ಗೋವಿಂದಾ, ದೆವ್ವ ಹೊಕ್ಕಿದ ಪೆಟಗಿ ಕೊಟ್ಟೀಯೇನು?” ಎಂದು ಎಗರಾಡಿದರು.

ಗೋವಿಂದ ಕೈ ಮುಗಿದ. “ದೆವ್ವ ಅಲ್ಲರಿ ಸಾಹೇಬ್ರ. ಆ ರಿಸೀವರ್ ಮನ್ಮಥಪ್ಪನವರದ. ಅಜ್ಜಿ ನನಗ ಮಾರಿದ್ರು. ನಾ ಒರಸಿ ಹೊಸಾದು ಅಂತ ನಿಮಗ ಕೊಟ್ಟೀನಿ, ತಪ್ಪಾಯ್ತು. ಆದ್ರ ಅಜ್ಜಿ ರಿಮೋಟು ಕೊಡಲಿಲ್ಲರಿ. ನಿಮಗ ನಾ ಬ್ಯಾರೆ ಹೊಂದಿಸಿ ಕೊಟ್ಟೆ. ಹಳೀದು ಮ್ಯಾಲ ಅವರ ಕಡೀನೇ ಅದ. ಗೋಡಿ ದಾಟಬೇಕು ಅಂದವರು ನೀವಲ್ಲೇನ್ರಿ? ಅದು ಮಾಳಗೀನೂ ದಾಟತದ.”

ವಿಶ್ವನಾಥಪ್ಪನವರಿಗೆ ಹೋದ ಜೀವ ಬಂದಂತಾಯಿತು. ಗೋವಿಂದನನ್ನು ಬಯ್ಯುವುದನ್ನೂ ಮರೆತರು. ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ಒಬ್ಬ ಅಜ್ಜಿ, ಒಂದು ರಿಮೋಟು! ದಾರಿಯುದ್ದಕ್ಕೂ ಒಬ್ಬರೇ ನಗುತ್ತ ಬಂದರು.

ದೀಪ ಹಚ್ಚುವ ಹೊತ್ತು. ಮನೆಯಲ್ಲಿ ಟೀವಿ ಆಗಲೇ ಹತ್ತಿತ್ತು, ಅಜ್ಜಿಯೇ ಹಚ್ಚಿರಬೇಕು. ಕಸ್ತೂರಿಬಾಯಿ ಇವರ ರಿಮೋಟನ್ನು ಒತ್ತಿ ಒತ್ತಿ ಸೋತು ಕೂತಿದ್ದಳು. ಗುರುರಾಜ ಅದರ ಮೇಲೆ ವಿಭೂತಿ ಹಚ್ಚುವ ಸಲಹೆ ಕೊಡುತ್ತಿದ್ದರು. “ಬರ್ರಿ ನನ್ನ ಹಿಂದ, ದೆವ್ವ ತೋರಸ್ತೀನಿ,” ಎಂದು ವಿಶ್ವನಾಥಪ್ಪ ಇಬ್ಬರನ್ನೂ ಮೆಟ್ಟಿಲು ಹತ್ತಿಸಿದರು.

ಮೇಲೆ ದೇವರ ಜಗಲಿಯಲ್ಲಿ ಮನ್ಮಥಪ್ಪನವರ ಫೋಟೋ. ಅದರ ಮುಂದೆ ಅವರ ಚಷ್ಮಾ, ವಿಭೂತಿಗಟ್ಟಿ, ನಶ್ಯದ ಡಬ್ಬಿ, ಮತ್ತು ಹೂವೇರಿಸಿದ ಒಂದು ಕಪ್ಪು ರಿಮೋಟು. ಕಾಶಿಬಾಯಿ ಊದಿನಕಡ್ಡಿ ಬೆಳಗಿ, ಫೋಟೋ ನೋಡುತ್ತ ರಿಮೋಟಿನ ಇನ್ನೊಂದು ಗುಂಡಿ ಒತ್ತಿದರು.

“ಸುದ್ದಿ ಹೊತ್ತಿಗಿ ಅವರು ‘ಹಚ್ಚು’ ಅಂತಿದ್ರು. ನಾ ಹಚ್ಚತಿದ್ದೆ,” ಎಂದರು ಅಜ್ಜಿ, ಬಂದವರನ್ನು ನೋಡಿ. “ಕಿವಿ ಕೇಳತಿದ್ದಿಲ್ಲ, ಅದಕ್ಕ ಜೋರಿನ ಗುಂಡೀನೂ ಒತ್ತತೀನಿ. ಮೂರೂ ಹೊತ್ತು ಪೂಜಿ ಆದ್ಮ್ಯಾಲ ಇದು ಅವರ ಪಾಲಿಂದು. ಇವತ್ತ ಮುಂಜಾನಿಂದ ನೋಡ್ರಿ, ನೀವೂ ಅದೇ ಹೊತ್ತಿಗಿ ಕೆಳಗ ಸುದ್ದಿ ಹಚ್ಚಕತ್ತೀರಿ. ಎಷ್ಟ್ ಸಮಾಧಾನ ಆತು ನನಗ!”

ನಗುತ್ತ ಮೆಟ್ಟಿಲು ಹತ್ತಿದ್ದ ವಿಶ್ವನಾಥಪ್ಪ ತಲೆ ಬಗ್ಗಿಸಿ ನಿಂತರು. ಆದರೆ ಕೆಳಗೆ ಮೃದುಲಾಳ ಹಾಡಿನ ವೇಳೆ ಜಾರುತ್ತಿತ್ತು. ಮೆಲ್ಲಗೆ ಕೈ ಚಾಚಿ, “ಅಜ್ಜಿ, ಇವತ್ತೊಂದಿನ ಇದರ ಸೆಲ್ ತಗದು ಇಟ್ಕೋತೀನ್ರಿ. ನಾಳಿ ನಾನೇ ಹಾಕಿ ಕೊಡ್ತೀನಿ,” ಎಂದರು.

“ಸೆಲ್ಲಾ?” ಅಜ್ಜಿ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. “ಅವರು ಹೋದ ದಿವಸಾನೇ ತಗದು ಗಡಿಯಾರಕ್ಕ ಹಾಕೀನಲ್ಲಪ್ಪಾ. ಸುಮ್ಮ ಯಾಕ ಹಾಳಾಗಬೇಕು?”

ವಿಶ್ವನಾಥಪ್ಪ ರಿಮೋಟನ್ನು ತಿರುವಿ ಬೆನ್ನಿನ ಮುಚ್ಚಳ ತೆಗೆದರು. ಒಳಗೆ ಏನೂ ಇರಲಿಲ್ಲ. ತುಕ್ಕು ಹಿಡಿದ ಎರಡು ಸ್ಪ್ರಿಂಗು, ಒಂದು ಒಣಗಿದ ಸೇವಂತಿ ಎಸಳು.

ತಲೆಯ ಮೇಲೆ ಡಿಶ್ ಕರ್ರ್ ಎಂದು ತಿರುಗಿತು. ಕೆಳಗೆ ದನಿ ಏರತೊಡಗಿತು.

ಗುರುರಾಜ ಯಾವಾಗ ಮೆಟ್ಟಿಲಿಳಿದು ತಮ್ಮ ಮನೆ ಸೇರಿ ಅಗಳಿ ಹಾಕಿಕೊಂಡರೋ ಯಾರೂ ನೋಡಲಿಲ್ಲ. ಗಂಡಹೆಂಡಿರಿಬ್ಬರೂ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಕೆಳಗೆ ಬಂದರು. ಸೆರಗು ಒಂದೇ ಇತ್ತು, ಅದನ್ನು ವಿಶ್ವನಾಥಪ್ಪನವರೇ ಹಿಡಿದಿದ್ದರು. ಹಸಿರು ಪಟ್ಟಿ ಪರದೆಯ ತುದಿ ಮುಟ್ಟಿತ್ತು. “ಲಾಸಲಗಾಂವ್!” ಎಂದು ಟೀವಿ ಗರ್ಜಿಸಿತು. ಎಲ್ಲೋ ಆಕಾಶದಲ್ಲಿ ಮೃದುಲಾಳ ಹಾಡು ಮುಗಿದೇ ಹೋಗಿರಬೇಕು.

ಕಸ್ತೂರಿಬಾಯಿ ಗಂಡನ ಮುಖವನ್ನು ನೋಡಲಿಲ್ಲ. ಆರಾಮಕುರ್ಚಿಯತ್ತ ತಿರುಗಿ, ಸೆರಗು ಬಿಡಿಸಿಕೊಂಡು ತಲೆಯ ಮೇಲೆ ಹೊದ್ದು, ಮೆಲ್ಲಗೆ ಕೇಳಿದಳು:

“ಚಹಾ ಇಡ್ಲೇನ್ರಿ? ಸಕ್ಕರಿ ಹಾಕಂಗಿಲ್ಲ.”