ಅತ್ತೆ ತಿನ್ನದ ಬಿಸ್ಕೀಟು

ಸುಮ್ಮನೆ ಕೂತವರಿಗೆ ಏನೂ ಆಗುವುದಿಲ್ಲ, ಕೈಯಾಡಿಸುವವರಿಗೇ ಎಲ್ಲ ಆಗುವುದು ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಕೈಯಾಡಿಸಿದ್ದು ಸಕ್ಕರೆಯಲ್ಲಿ. ಶಿರಸಿ ಸೀಮೆಗೆ ಮೋಟಾರು ಹೊಸದಾಗಿ ಬಂದಿದ್ದ ಕಾಲ ಅದು. ಊರಿನ ಬೇರೆ ಹೆಂಗಸರು ಹಪ್ಪಳ ಸಂಡಿಗೆ ಮಾಡುತ್ತ ಮರ್ಯಾದೆಯಿಂದ ಬದುಕಿದ್ದರೆ, ನಾನು ಬಿಸ್ಕೀಟು ಸುಟ್ಟು ಅದರ ಮೇಲೆ ಸಕ್ಕರೆಯಿಂದ ಚಿತ್ರ ಬರೆಯುತ್ತ ಕೂತಿದ್ದೆ. ಹೀಗಾಗಿ ಅವರ ಮನೆಗಳಲ್ಲಿ ಬರೀ ಹಪ್ಪಳ ಆಯಿತು, ನಮ್ಮ ಮನೆಯಲ್ಲಿ ಕತೆಗಳಾದವು.

೧. ನಾತಾಳದ ಅಂಟು

ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಯಲ್ಲಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಪಕ್ಕದ ಮನೆಯಲ್ಲಿ ಜಂಗಲ್ ಕಚೇರಿಯ ಹೆಡ್ ಕ್ಲಾರ್ಕರ ಸಂಸಾರ. ಗೋವೆಯ ಕಡೆಯ ಕಿರಿಸ್ತಾನರು. ಆ ಮನೆಯ ಯಜಮಾನಿಯನ್ನು ಓಣಿಯೆಲ್ಲ ‘ಬಾಯಿ’ ಎಂದೇ ಕರೆಯುತ್ತಿತ್ತು. ಕ್ರಿಸ್ತನ ಹುಟ್ಟುಹಬ್ಬಕ್ಕೆ ಅವರು ನಾತಾಳ ಎನ್ನುತ್ತಾರೆ. ನಾತಾಳ ಹತ್ತಿರ ಬಂತೆಂದರೆ ಬಾಯಿ ನಕ್ಷತ್ರ, ಗಂಟೆ, ಹಕ್ಕಿಯ ಆಕಾರದ ಬಿಸ್ಕೀಟು ಮಾಡಿ, ಮೇಲೆ ಬೆಳ್ಳಗೆ ಸಕ್ಕರೆ ಹಚ್ಚಿ, ಅಂಚಿಗೆ ಕಸೂತಿಯ ಹಾಗೆ ಎಳೆ ಬಿಡುತ್ತಿದ್ದರು. ಅದನ್ನು ನೋಡಿ ನನಗೆ ನಿದ್ದೆ ಹಾರಿಹೋಯಿತು. ಕಲಿಸಿಕೊಡಿ ಎಂದು ಗಂಟುಬಿದ್ದೆ.

ಬಾಯಿ ಎಲ್ಲ ತೋರಿಸಿದರು. ಸಕ್ಕರೆಯನ್ನು ನುಣ್ಣಗೆ ಬೀಸುವುದು, ತೆಳು ಬಟ್ಟೆಯಲ್ಲಿ ಸೋಸುವುದು, ಲಿಂಬೆರಸ ಬಿಡುವುದು, ಕಾಗದದ ಪೊಟ್ಟಣದ ತುದಿ ಕತ್ತರಿಸಿ ಅದರಿಂದ ಎಳೆ ಬಿಡುವುದು. ಕೊನೆಗೆ, ಇದು ಇಷ್ಟು ಗಟ್ಟಿಯಾಗಿ ಹೇಗೆ ನಿಲ್ಲುತ್ತದೆ ಎಂದು ಕೇಳಿದೆ.

“ತತ್ತಿಯ ಬಿಳಿ ಭಾಗ ಗೋ. ಅದಿಲ್ಲದೆ ನಿಲ್ಲೋದೇ ಇಲ್ಲ” ಅಂದರು.

ನಾವು ಲಿಂಗ ಕಟ್ಟಿದವರು. ಮೊಟ್ಟೆಯ ಹೆಸರು ಹೇಳಿದರೆ ಬಾಯಿ ತೊಳೆದುಕೊಳ್ಳುವವರು. ಮನೆಗೆ ಬಂದು ತಲೆಗೆ ಕೈಹೊತ್ತು ಕೂತೆ. ಆಗ ಕಣ್ಣಿಗೆ ಬಿದ್ದದ್ದು ಬಾಣಂತಿಯರ ಉಂಡೆಗೆಂದು ಅಂಗಡಿಯಲ್ಲಿ ಇಟ್ಟಿದ್ದ ಜಾಲಿಯ ಅಂಟು. ಅದನ್ನೇ ನೀರಿನಲ್ಲಿ ನೆನೆಸಿ, ಸೋಸಿ, ಸಕ್ಕರೆಗೆ ಕಲಸಿದೆ. ಒಣಗಿದ ಮೇಲೆ ಉಗುರು ಊರಿದರೂ ಅಲುಗಲಿಲ್ಲ. ಬಾಯಿಗೆ ತೋರಿಸಿದರೆ ನಕ್ಕುಬಿಟ್ಟರು. “ಇದು ನಾತಾಳದ ಬಿಸ್ಕೀಟು ಅಲ್ಲ, ಬಾಣಂತನದ ಬಿಸ್ಕೀಟು!”

ಮರುವರ್ಷ ನಾತಾಳಕ್ಕೆ ಸರಿಯಾಗಿ ಜಂಗಲ್ ಕಚೇರಿಯ ದೊಡ್ಡ ಇಂಗ್ಲಿಷ್ ದೊರೆ ಕ್ಯಾಂಪಿಗೆ ಬಂದ. ಅವನ ಬಟ್ಲರ್ ಯಲ್ಲಾಪುರದಲ್ಲಿದ್ದ ಮೊಟ್ಟೆಯನ್ನೆಲ್ಲ ಬಾಚಿಕೊಂಡು ಹೋದ. ಹಬ್ಬದ ಮುಂಚಿನ ಸಂಜೆ ಬಾಯಿ ಸೆರಗಿನಲ್ಲಿ ಬಟ್ಟಲು ಮುಚ್ಚಿಕೊಂಡು ಹಿತ್ತಿಲಿನಿಂದ ಬಂದರು. “ಸ್ವಲ್ಪ ಅಂಟು ಕೊಡ್ತೀಯಾ ಗೋ?”

ಆ ವರ್ಷ ಯಲ್ಲಾಪುರದಲ್ಲಿ ಕ್ರಿಸ್ತನ ಹುಟ್ಟುಹಬ್ಬ ನಿಂತದ್ದು ಲಿಂಗ ಕಟ್ಟಿದವರ ಅಂಟಿನ ಮೇಲೆ.

೨. ಗುರುಗಳ ಮೌನ

ಆಮೇಲೆ ಅಂಗಡಿ ಶಿರಸಿ ಪೇಟೆಗೆ ಬಂತು. ಬನವಾಸಿ ಕಡೆಯ ಹಳ್ಳಿಯಲ್ಲಿದ್ದ ನಮ್ಮ ಅತ್ತೆಯೂ ನಮ್ಮ ಜೊತೆ ಇರಲು ಬಂದರು. ಅತ್ತೆ ಮೊದಲ ದಿನವೇ ನನ್ನ ಸಾಮಾನು ನೋಡಿದರು. ನಮ್ಮಲ್ಲಿ ಬಿಸ್ಕೀಟಿನ ಭಟ್ಟಿ ಎಲ್ಲಿಂದ ಬರಬೇಕು? ದಪ್ಪ ತಳದ ಒಂದು ಪಾತೇಲಿ, ಒಳಗೆ ಮರಳು, ಮರಳಿನ ಮೇಲೆ ಬಿಸ್ಕೀಟಿನ ತಟ್ಟೆ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಅರಿಶಿನದಿಂದ ಹಳದಿ, ಮುರುಗಲ ಹಣ್ಣಿನಿಂದ ಕೆಂಪು, ಬಸಳೆ ಹಣ್ಣಿನಿಂದ ನೇರಳೆ, ಸುಟ್ಟ ಬೆಲ್ಲದಿಂದ ಕಪ್ಪು.

“ಇದು ಅಡಗಿ ಅಲ್ಲ. ಗಾರೆ ಕೆಲಸ” ಅಂದರು ಅತ್ತೆ.

ಒಂದು ದಿನ ನಮ್ಮ ಮನೆತನದ ಗುರುಗಳು ಪ್ರಸಾದಕ್ಕೆ ಬಂದರು. ನಾನು ಬಿಲ್ವಪತ್ರೆಯ ಆಕಾರದ ಬಿಸ್ಕೀಟು ಮಾಡಿ, ಗುರುಗಳಿಗೆಂದು ಸಕ್ಕರೆಯನ್ನು ದಪ್ಪಗೆ ಹಚ್ಚಿದ್ದೆ. ಸಕ್ಕರೆ ದಪ್ಪ ಆದರೆ ಅಂಟೂ ದಪ್ಪ ಎಂಬುದು ನೆನಪಾಗಲಿಲ್ಲ. ಊಟ ಮುಗಿದ ಮೇಲೆ ಗುರುಗಳು ಒಂದನ್ನು ಪೂರ್ತಿ ಬಾಯಿಗೆ ಹಾಕಿಕೊಂಡರು. ಅಗಿದರು. ನಿಧಾನಕ್ಕೆ ಅಗಿದರು. ಆಮೇಲೆ ಅಗಿಯುವುದು ನಿಂತೇಹೋಯಿತು.

ಅತ್ತೆ ಅದೇ ಹೊತ್ತಿಗೆ, “ಬುದ್ಧಿ, ಹಿತ್ತಲದಾಗಿನ ಹುಣಸಿ ಗಿಡ ಕಡಸಬೇಕಂತೀನಿ. ಕಡಸ್ಲೋ ಬ್ಯಾಡೋ?” ಎಂದು ಕೇಳಿದರು. ಗುರುಗಳು ಕಣ್ಣು ದೊಡ್ಡದು ಮಾಡಿ ‘ಊಂ’ ಅಂದರು. ಅತ್ತೆ ಇನ್ನೊಮ್ಮೆ ಕೇಳಿದರು. ಮತ್ತೆ ‘ಊಂ’. ಕೊನೆಗೆ ಗುರುಗಳು ಬೆರಳಿನಿಂದ ತಮ್ಮ ಬಾಯಿ ತೋರಿಸಿ, ಕೈಯನ್ನು ಜೋರಾಗಿ ಆಡಿಸಿದರು.

ಅತ್ತೆ ನನ್ನ ಕಡೆ ತಿರುಗಿ, “ನೋಡಾಕತ್ತೀಯೇನ? ಇನ್ನೊಂದ ಬೇಕಂತ. ತಾ!” ಅಂದರು.

ಬಿಸಿನೀರು ಕುಡಿಸಿ ಗುರುಗಳ ಬಾಯಿ ಬಿಡಿಸುವುದರೊಳಗೆ ನನ್ನ ಜೀವ ಹೋಗಿ ಬಂದಿತ್ತು. ಅವರು ದೊಡ್ಡ ಮನಸ್ಸಿನವರು, ಸಿಟ್ಟಾಗಲಿಲ್ಲ. “ಚಲೋ ಐತೆವ್ವ. ಆದರ ಇದನ್ನ ಭಕ್ತರಿಗೆ ಕೊಡಬ್ಯಾಡ. ನನ್ನ ಕೂಡ ವಾದ ಮಾಡಾಕ ಬರ್ತಾರಲ್ಲ, ಅವರಿಗೆ ಒಂದಿಷ್ಟು ಕಟ್ಟಿ ಕೊಡು!”

೩. ಮುದ್ದೆಮಾಲು

ಗುರುಗಳು ನಕ್ಕು ಹೋದರು, ಅತ್ತೆ ನಗಲಿಲ್ಲ. ಆ ಸಂಜೆಯೇ ಅಪ್ಪಣೆಯಾಯಿತು.

“ನೋಡವಾ, ನಾ ಬಾಯಿಗೆ ಹಾಕ್ಕೊಳ್ಳದ ಪದಾರ್ಥ ನನ್ನ ಮಗನ ಮನಿಯಾಗ ಬೇಯಂಗಿಲ್ಲ. ಬರೋ ಸಂಕ್ರಾಂತಿತನಕ ನೋಡ್ತೀನಿ. ನನಗ ತಿನ್ನಬೇಕು ಅನಸೋ ಅಂಥಾದ್ದು ಒಂದು ಮಾಡಿದ್ಯೋ, ಇರ್ಲಿ. ಇಲ್ಲಂದ್ರ ಈ ಪಾತೇಲಿ ಅಟ್ಟಾ ಹತ್ತತೈತಿ.”

ಅಂಗಡಿ ನಮ್ಮ ಮನೆಯವರದು, ಮನೆ ಅತ್ತೆಯದು, ನನ್ನದು ಅಂತ ಇದ್ದದ್ದು ಆ ಪಾತೇಲಿ ಒಂದೇ.

ಅಷ್ಟರಲ್ಲಿ ನಮ್ಮ ಮನೆಯವರ ಗೆಳೆಯರೊಬ್ಬರು ಬಂದರು. ಪೇಟೆಯ ಸಾಬರು, ಸ್ವಂತದ್ದೊಂದು ಮೋಟಾರು ಇಟ್ಟು ಶಿರಸಿಯಿಂದ ಸಿದ್ದಾಪುರಕ್ಕೆ ಓಡಿಸುತ್ತಿದ್ದರು. “ಅಕ್ಕಾ, ನಮ್ಮ ಗಾಡಿಗೆ ವರ್ಷ ತುಂಬ್ತು. ದೊಡ್ಡ ಮನುಷ್ಯರನ್ನೆಲ್ಲ ಚಹಾಕ್ಕೆ ಕರೆದೇನೆ. ಗಾಡಿ ಆಕಾರದ್ದೇ ಬಿಸ್ಕೀಟು ಮಾಡಿಕೊಡಬೇಕು ನೀವು.”

ಕಣ್ಣಿಂದ ನೋಡದೆ ನನಗೆ ಬರೆಯಲು ಬರುವುದಿಲ್ಲ, ಹಾಗೆಂದೆ. ಮರುದಿನ ಬೆಳಿಗ್ಗೆ ನೋಡಿದರೆ ಮೋಟಾರೇ ನಮ್ಮ ಬಾಗಿಲಿಗೆ ಬಂದು ನಿಂತಿದೆ, ಸಿದ್ದಾಪುರಕ್ಕೆ ಹೊರಟ ಪ್ಯಾಸೆಂಜರುಗಳ ಸಮೇತ! ನಾನು ಮೆಟ್ಟಿಲ ಮೇಲೆ ಕೂತು ಸ್ಲೇಟಿನಲ್ಲಿ ಬರೆದುಕೊಂಡೆ. ಒಳಗಿದ್ದವರೆಲ್ಲ ಟೋಪಿ ಸರಿಮಾಡಿಕೊಂಡು, ಮೀಸೆ ತೀಡಿಕೊಂಡು ಅಲುಗದೆ ಕೂತರು. ಒಬ್ಬ ಅಜ್ಜ ಮಾತ್ರ, “ತಂಗೀ, ಲಗೂ ಬರಿ. ನಂದು ಸಿದ್ದಾಪುರದಾಗ ಕೋರ್ಟ್ ತಾರೀಕು ಐತಿ” ಅಂದ.

ಬಿಸ್ಕೀಟು ಬಹಳ ಚೆಂದ ಬಂದವು. ಸ್ಲೇಟಿನಲ್ಲಿದ್ದ ತಲೆ ಒಂದನ್ನೂ ಬಿಡದೆ ಬರೆದಿದ್ದೆ. ಚಹಾದ ದಿನ ಪೊಲೀಸ್ ಫೌಜದಾರರೂ ಬಂದಿದ್ದರು. ಅವರು ಒಂದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಬಾಯಿಗೆ ಮಾತ್ರ ಹಾಕಲಿಲ್ಲ. ಚಹಾಕ್ಕೆ ಹೋಗಿದ್ದ ನಮ್ಮ ಮನೆಯವರು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

“ಚಿತ್ರ ಚಲೋ ಐತ್ರಿ. ಈ ಟಾಪಿನ ಮ್ಯಾಲೆ ಕೂತಾವ ಯಾರು?”

“ಅದು ಬುಟ್ಟಿ ಸಾಹೇಬ್ರೆ.”

“ಬುಟ್ಟಿಗೆ ನೀವು ರುಮಾಲ ಸುತ್ತತೀರೇನು?”

ಸಾಬರು ಬಿಳಿಚಿಕೊಂಡರು. ಫೌಜದಾರರು ಕಿಟಕಿಗಳ ಮೇಲೆ ಬೆರಳಿಟ್ಟು ತಲೆ ಎಣಿಸಲು ಶುರುಮಾಡಿದರು. ತಲೆ ಲೆಕ್ಕ ಮೀರಿ, ಇನ್ನು ಲೈಸನ್ಸಿಗೇ ಬಂತು ಎನ್ನುವಾಗ ಸಾಬರು, “ನೋಡೋಣ ಕೊಡ್ರಿ” ಎಂದು ಅದನ್ನು ಇಸಿದುಕೊಂಡವರೇ ಇಡೀ ಮೋಟಾರನ್ನು ಒಂದೇ ತುತ್ತಿಗೆ ಬಾಯಲ್ಲಿ ಹಾಕಿಕೊಂಡರು. ಪಂಚನಾಮೆ ಆಗುವ ಮೊದಲೇ ಮುದ್ದೆಮಾಲು ಹೊಟ್ಟೆ ಸೇರಿತು.

ಮನೆಯಲ್ಲಿ ಉಳಿದ ಒಂದನ್ನು ನಾನು ಆಸೆಯಿಂದ ಅತ್ತೆಯ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿ ತಟ್ಟೆ ಸರಿಸಿದರು. “ಒಳಗ ಮಂದಿ ಕೂತಾರ. ಅವರು ಇಳಿದ ಮ್ಯಾಲೆ ತಾ.”

೪. ಸೊಂಡಿಲು

ನಮ್ಮ ಎದುರು ಮನೆಯಲ್ಲಿ ವಕೀಲರು. ಹವ್ಯಕರು. ವಕೀಲರ ಹೆಂಡತಿ ಮಡಿಯಲ್ಲಿ ಬಲು ಕಟ್ಟುನಿಟ್ಟು, ಆದರೆ ಮಕ್ಕಳ ಬಾಯಿಗೆ ಮಡಿ ಇಲ್ಲವಲ್ಲ. ಚೌತಿಗೆ ಮಕ್ಕಳಿಗಷ್ಟೇ ಅಂತ ಮೋದಕ, ಇಲಿಯ ಆಕಾರದ ಬಿಸ್ಕೀಟು ಮಾಡಿಕೊಡು ಎಂದು ನನಗೆ ಹೇಳಿದರು. ಮಾಡಿದೆ. ಇಲಿ ಇದ್ದ ಮೇಲೆ ಅದರ ಯಜಮಾನ ಇಲ್ಲದಿದ್ದರೆ ಹೇಗೆ? ಅಂಗೈಯಗಲದ ಒಂದು ಬಿಸ್ಕೀಟಿನ ಮೇಲೆ ಗಣಪತಿಯನ್ನೂ ಬರೆದು ಕಳಿಸಿದೆ. ಕಿರೀಟ, ಜನಿವಾರ, ಹೊಟ್ಟೆಯ ಸುತ್ತ ಹಾವು, ಒಂದೂ ಬಿಡಲಿಲ್ಲ.

ಇಲಿಗಳು ಕ್ಷಣದಲ್ಲಿ ಖಾಲಿ. ಗಣಪತಿಯನ್ನು ಮಾತ್ರ ಒಂದು ಮಗುವೂ ಮುಟ್ಟಲಿಲ್ಲ. ಸಂಜೆ ಆ ಮನೆಯಲ್ಲಿ ಗಲಾಟೆ ಕೇಳಿ ನಾನು ಜಗಲಿಗೆ ಹೋದೆ. ವಕೀಲರ ಹೆಂಡತಿ ಗಂಡನಿಗೆ ಹೇಳುತ್ತಿದ್ದರು:

“ಎಂತ ಮಾಡವು ಹೇಳಿ ಗೊತ್ತಾಗ್ತಾ ಇಲ್ಲೆ. ದೇವ್ರಿಗೆ ಹಲ್ಲು ಹಚ್ಚಲೆ ಆಗ್ತಿಲ್ಲೆ. ದೇವ್ರ ಒಳಗೆ ಇಡನ ಅಂದ್ರೆ ಮಡಿ ಅಲ್ಲ. ಹೊರಗೆ ಒಗಿಯಲೆ ಧೈರ್ಯ ಇಲ್ಲೆ.”

ವಕೀಲರು ಕೈಕಟ್ಟಿ ಯೋಚಿಸಿ ತೀರ್ಪು ಕೊಟ್ಟರು. “ಪೂಜೆ ಆಜಿಲ್ಲೆ, ಹಂಗಾಗಿ ದೇವ್ರು ಅಲ್ಲ. ಸೊಂಡ್ಲು ಇದ್ದು, ಹಂಗಾಗಿ ತಿಂಡಿನೂ ಅಲ್ಲ.”

ಅಷ್ಟರಲ್ಲಿ ಇರುವೆಗಳು ಸಾಲು ಹಿಡಿದು ಬಂದವು. ಅವಕ್ಕೆ ಈ ಕಾನೂನು ತಿಳಿಯದು. ಇನ್ನು ತಡಮಾಡಿದರೆ ಕಣ್ಣೆದುರೇ ದೇವರು ಇರುವೆಯ ಪಾಲು ಎಂದು ವಕೀಲರ ಹೆಂಡತಿ ಬಿಸ್ಕೀಟನ್ನು ಬಾಳೆಲೆಯ ಮೇಲಿಟ್ಟುಕೊಂಡು ಹೊರಟರು. ಹಿಂದೆ ವಕೀಲರು, ಹಿಂದೆ ಜಾಗಟೆ ಹಿಡಿದ ಮಕ್ಕಳು, ಎಲ್ಲರ ಹಿಂದೆ ನಾನು. ಕೆರೆಯ ದಂಡೆಯಲ್ಲಿ ಮಂಗಳಾರತಿ ಮಾಡಿ ನೀರಿಗೆ ಬಿಟ್ಟರು. ಮಣ್ಣಿನ ಗಣಪತಿ ಮುಳುಗುತ್ತಾನೆ, ಇವನು ತೇಲಿದ. ಒಂದು ಮೀನು ಬಂದು ಸೊಂಡಿಲು ಕಚ್ಚಿತು, ಆಮೇಲೆ ಹತ್ತು ಬಂದವು.

ವಕೀಲರ ಹೆಂಡತಿ ಗಲ್ಲ ಗಲ್ಲ ಬಡಿದುಕೊಂಡರು. ವಕೀಲರು ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ರುಚಿ ಆಗಿತ್ತು ಕಾಣ್ತದೆ. ಬರುವ ವರ್ಷ ದೇವರಲ್ಲದ್ದು ಒಂದು ನನಗೂ ಮಾಡಿ.”

೫. ಅಟ್ಟದ ಏಣಿ

ಸಂಕ್ರಾಂತಿ ಹತ್ತಿರ ಬಂತು. ನಾನು ಬಿಡಲಿಲ್ಲ, ಅತ್ತೆಯೂ ಬಿಡಲಿಲ್ಲ. ಗಿಳಿ ಮಾಡಿದೆ. “ಜೀವ ಇರೋ ಆಕಾರ ಲಿಂಗವಂತರು ತಿನ್ನಂಗಿಲ್ಲ” ಅಂದರು. ದಾಸವಾಳ ಮಾಡಿದೆ. “ದೇವರಿಗೆ ಏರಿಸೋ ಹೂವ ನಾ ತಿಂದರ ದೇವರಿಗೇನು ಹುಲ್ಲು ಹಾಕ್ತೀಯೇನ?” ದೀಪ ಮಾಡಿದೆ. “ಸಂಜಿ ಹೊತ್ತಿನಾಗ ದೀಪ ನುಂಗೂದ? ನಿನ್ನ ತೌರಮನಿಯಾಗ ಇದನ್ನ ಕಲಿಸ್ಯಾರೇನು?” ಬೇಸತ್ತು, ಯಾವ ಚಿತ್ರವೂ ಇಲ್ಲದ ಬೆಳ್ಳನೆಯ ದುಂಡು ಬಿಸ್ಕೀಟು ತಂದಿಟ್ಟೆ. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದರು. “ಹುಣ್ಣಿವಿ ಚಂದ್ರ. ಇದನ್ನ ತಿನ್ನಾಂವ ರಾಹು, ನಾ ಅಲ್ಲ.”

ಮಾತಿಗೆ ಮಾತು ಒಂದೂ ಸುಳ್ಳಲ್ಲ. ಅದೇ ನನಗೆ ಹೆಚ್ಚು ಉರಿ.

ಸಂಕ್ರಾಂತಿಯ ಹಿಂದಿನ ಮಧ್ಯಾಹ್ನ ನಮ್ಮ ಮನೆಯವರು ಅಮ್ಮನ ಮಾತು ಮೀರಲಾರದೆ ಅಟ್ಟಕ್ಕೆ ಏಣಿ ಒರಗಿಸಿದರು. ಅದನ್ನು ನೋಡಿ ನನಗೆ ಅಳುವೇ ಬಂತು. ಅಳುವಿನ ಜೊತೆ ಸಿಟ್ಟೂ ಬಂತು. ಪಾತೇಲಿ ಹೇಗೂ ಅಟ್ಟಕ್ಕೆ ಹೋಗುತ್ತದೆ, ಜೊತೆಗೆ ನಾನೂ ಹೋಗುತ್ತೇನೆ ಎಂದು ತಟ್ಟೆಯಗಲದ ಒಂದು ಬಿಸ್ಕೀಟು ಸುಟ್ಟು, ಅದರ ಮೇಲೆ ನನ್ನ ಮುಖವನ್ನೇ ಬರೆದೆ. ಹಣೆಗೆ ವಿಭೂತಿ, ಮೂಗಿಗೆ ನತ್ತು, ಎರಡು ಕಣ್ಣಿನಿಂದಲೂ ನೀರು. ಬಾಯಿಯನ್ನು ಮಾತ್ರ ಮುರುಗಲಿನ ಕೆಂಪಿನಲ್ಲಿ ದೊಡ್ಡದಾಗಿ ತೆರೆದಿಟ್ಟೆ. ಸಕ್ಕರೆ ಒಣಗಿದ ಮೇಲೆ ಹೋಗಿ ಅತ್ತೆಯ ಮುಂದೆ ಇಟ್ಟೆ.

“ಇದ್ಯಾರು?” ಅಂದರು.

“ನಾನ ರೀ ಅತ್ತೆವ್ವ. ಪಾತೇಲಿ ಕೂಡ ಇದನ್ನೂ ಅಟ್ಟಕ್ಕ ಇಡ್ರಿ.”

ಅತ್ತೆ ಕನ್ನಡಕ ಹಾಕಿಕೊಂಡರು. ಬಿಸ್ಕೀಟನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಿಸ್ಕೀಟನ್ನು ನೋಡಿದರು. “ಮೂಗು ಇಷ್ಟು ನೆಟ್ಟಗಿಲ್ಲ ನಿಂದು” ಎಂದರು. ಎರಡೂ ಕೈಯಲ್ಲಿ ಹಿಡಿದು ಎತ್ತಿ, ನೇರ ಬಾಯಿಗೇ ಬಾಯಿ ಹಾಕಿ ಕಟಂ ಎಂದು ಕಚ್ಚಿದರು! ಆಮೇಲೆ ಗಲ್ಲ ಹೋಯಿತು, ಮೂಗು ಹೋಯಿತು, ನತ್ತು ಹೋಯಿತು. ಅಷ್ಟರಲ್ಲಿ ಪಾತೇಲಿ ಹಿಡಿದು ಏಣಿ ಹತ್ತಿದ್ದ ನಮ್ಮ ಮನೆಯವರು ಅಲ್ಲೇ ನಿಂತರು.

ನನಗೆ ತಡೆಯಲಾಗಲಿಲ್ಲ. “ಅತ್ತೆವ್ವಾ, ಜೀವ ಇರೋ ಆಕಾರ ತಿನ್ನಂಗಿಲ್ಲ ಅಂದಿದ್ರಿ!”

ಅತ್ತೆ ನನ್ನ ಎಡಗಣ್ಣನ್ನು ಅಗಿಯುತ್ತ ಹೇಳಿದರು: “ಗಿಳಿ ತಿನ್ನಬಾರದು, ಹೂವ ತಿನ್ನಬಾರದು. ಸೊಸೀನ್ನ ತಿನ್ನಬಾರದಂತ ಯಾವ ಶಾಸ್ತ್ರದಾಗ ಬರದೈತಿ? ಊರಾಗಿನ ಅತ್ತೇರೆಲ್ಲ ದಿನಾ ತಿನ್ನಾದು ಅದನ್ನ!” ಆಮೇಲೆ ತಲೆಯೆತ್ತಿ ಏಣಿಯ ಕಡೆ ನೋಡಿ ಕೂಗಿದರು. “ಏ, ಪಾತೇಲಿ ಕೆಳಗ ತಾರೋ! ನಾಳಿ ಎಳ್ಳುಬೆಲ್ಲಕ್ಕ ಓಣಿಯಾಗಿನ ಅತ್ತೇರೆಲ್ಲ ನಮ್ಮ ಮನಿಗೆ ಬರ್ತಾರ. ಒಬ್ಬೊಬ್ಬರಿಗೂ ಅವರವರ ಸೊಸೀನ್ನ ಮಾಡಿ ಕೊಡಬೇಕು!”