ಪಲ್ಲವಿ ನುಡಿಸಲು ಪರವೂರಿಗೆ

ವೀಣೆಯೊಡನೆ ಜಯನಗರದ ಗಡಿ ದಾಟಿದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಮನೆಯಲ್ಲಿ ಕುಳಿತಿರುವಷ್ಟು ಹೊತ್ತು ನಾನು ವಿದುಷಿ. ಹೆದ್ದಾರಿಗೆ ಬಂದೊಡನೆ ಸಾಮಾನು ಸಾಗಿಸುವವಳು.

ಈ ಸಲದ ಆಹ್ವಾನ ಕೋಲಾರದ ಕಡೆಯ ಒಂದು ಸಣ್ಣ ಊರಿನ ಸಂಗೀತೋತ್ಸವದಿಂದ ಬಂದಿತ್ತು. ಒಪ್ಪಿಕೊಳ್ಳಲು ಕಾರಣ ಒಂದೇ: ರಾಗ-ತಾನ-ಪಲ್ಲವಿ. ಒಂದೇ ಸಾಲನ್ನು ಹಿಡಿದು, ಹಿಗ್ಗಿಸಿ ಕುಗ್ಗಿಸಿ, ಗಂಟೆಗೂ ಮೀರಿ ಬೆಳೆಸುವ ಪ್ರಕಾರ ಅದು. ಕಾಂಭೋಜಿಯಲ್ಲಿ ಒಂದು ಪಲ್ಲವಿಯನ್ನು ವರ್ಷವಿಡೀ ಸಾಧನೆ ಮಾಡಿ ಸಿದ್ಧವಾಗಿಟ್ಟುಕೊಂಡಿದ್ದೆ. ನುಡಿಸಲು ವೇದಿಕೆಯೇ ಸಿಕ್ಕಿರಲಿಲ್ಲ. ನಮ್ಮ ಬಡಾವಣೆಯ ಸಂಗೀತಸಭೆಗಳು ವೀಣೆಗೆ ಕೊಡುವುದು ಮಧ್ಯಾಹ್ನದ ಊಟದ ನಂತರದ ಹೊತ್ತನ್ನು, ಶ್ರೋತೃಗಳ ನಿದ್ರೆಗೆ ಭಂಗ ಬಾರದಿರಲೆಂದು. ಉತ್ಸವದ ಕಾರ್ಯದರ್ಶಿಗಳಾದರೋ ಫೋನಿನಲ್ಲಿ, "ಶನಿವಾರ ಸಂಜೆ ಪೂರ್ತಿ ನಿಮ್ದೇ ಮೇಡಂ. ಪಲ್ಲವಿ ಎಷ್ಟು ಉದ್ದ ಬೇಕೋ ಅಷ್ಟು ಎಳೀರಿ" ಎಂದಿದ್ದರು.

ಎಳೆಯುವ ವಸ್ತು ಅದಲ್ಲ. ಆದರೂ ಒಪ್ಪಿದೆ.

ಮುಂದಿನ ಸೀಟು

ಕಾರು ನಡೆಸುವವಳು ನಾನೇ. ಪಕ್ಕದ ಸೀಟನ್ನು ಹಿಂದಕ್ಕೆ ವಾಲಿಸಿ ವೀಣೆಯನ್ನು ಒರಗಿಸುತ್ತೇನೆ. ಧೂಳು ತಾಕದಂತೆ ಹಳೆಯ ರೇಷ್ಮೆ ಸೀರೆ ಹೊದಿಸಿ, ತುದಿಯಲ್ಲಿ ಕೆತ್ತಿದ ಸಿಂಹಮುಖದ ಯಾಳಿಯ ತಲೆಗೆ ಮಫ್ಲರ್ ಸುತ್ತಿ, ಸೀಟ್ ಬೆಲ್ಟ್ ಬಿಗಿಯುತ್ತೇನೆ. ಮನುಷ್ಯರು ಹಿಂದೆ ಕುಳಿತರೂ ನಡೆಯುತ್ತದೆ.

ಹಿಂದೆ ಕೂರಬೇಕಾದ ಮನುಷ್ಯ ನನ್ನ ಮೃದಂಗವಾದಕ. ಹಗಲು ಕಂಪ್ಯೂಟರ್, ಸಂಜೆ ಮೃದಂಗ, ವಾಸ ಬಿಟಿಎಂ ಲೇಔಟಿನ ಪಿ.ಜಿ. ಅವನನ್ನು ಹತ್ತಿಸಿಕೊಳ್ಳಲು ನಿಲ್ಲಿಸಿದಾಗ ಪಿ.ಜಿ. ಒಡತಿ ಕಿಟಕಿಯಲ್ಲಿ ಇಣುಕಿದರು.

"ಅಯ್ಯೋ ಪಾಪ, ಅಜ್ಜೀಗೇನಾಯ್ತು?"

"ಏನಿಲ್ಲ ಆಂಟಿ, ತಂತಿ ಸ್ವಲ್ಪ ಬಿಗಿಯಾಗಿದೆ, ಅಷ್ಟೆ" ಎಂದ ಅವನು, ಮೃದಂಗವನ್ನು ತೊಡೆಯ ಮೇಲೇರಿಸಿಕೊಳ್ಳುತ್ತ.

"ಓ, ನರದ್ದಾ? ನಮ್ಮತ್ತೇಗೂ ಹಿಂಗೇ ಶುರುವಾಗಿದ್ದು."

ಮಡಿವಾಳದ ಹತ್ತಿರ, ಸಿಲ್ಕ್ ಬೋರ್ಡಿನಲ್ಲಿ, ಎಂದಿನಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಂತೆವು. ಪಕ್ಕದ ಆಟೋ ಚಾಲಕರು ಸೀರೆ, ಮಫ್ಲರ್, ಬೆಲ್ಟು ಎಲ್ಲವನ್ನೂ ನೋಡಿ, "ಏನ್ ಮೇಡಂ, ಸೀರಿಯಸ್ಸಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಹೋಯಿತು: "ತುಂಬಾ ಸೀರಿಯಸ್ಸು ಅಣ್ಣ."

ಅವರು ಆಟೋದಿಂದ ಇಳಿದೇ ಬಿಟ್ಟರು. ಸೀಟಿ ಹೊಡೆದರು. "ಏಯ್, ಬಿಡ್ರೋ! ಪೇಷೆಂಟ್ ಐತೆ! ಗುರು, ಬೈಕ್ ಎತ್ತು!" ಬೈಕುಗಳು ಸರಿದವು, ಬಸ್ಸೊಂದು ಬದಿಗೆ ಜರುಗಿತು. ನಾನು ಸುಳ್ಳು ಹೇಳುವವಳಲ್ಲ. ಆದ್ದರಿಂದ ಏನನ್ನೂ ಹೇಳದೆ ಆಕ್ಸಿಲರೇಟರ್ ಒತ್ತಿದೆ.

ಶಾಸ್ತ್ರೀಯ ಸಂಗೀತಕ್ಕೆ ಈ ನಗರ ದಾರಿ ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ರವೆ

ಮೃದಂಗದ ಎಡಮುಖಕ್ಕೆ ನಾದ ತುಂಬಬೇಕಾದರೆ ರವೆಯನ್ನು ನೀರಿನಲ್ಲಿ ಕಲಸಿ, ಕಚೇರಿಗೆ ಮುನ್ನ ಮೆತ್ತಬೇಕು. ರವೆಯ ವಿಷಯದಲ್ಲಿ ನಮ್ಮ ಹುಡುಗ ಮಹಾ ಮಡಿವಂತ. ಬನಶಂಕರಿಯ ಒಂದೇ ಅಂಗಡಿಯ ರವೆ, ಅದೂ ಎರಡು ಬಾರಿ ಜರಡಿ ಹಿಡಿದದ್ದು.

ಕಾರ್ಯದರ್ಶಿಗಳ ಮನೆಯಲ್ಲಿ ನಮ್ಮ ವಸತಿ. ಅವನು ರವೆಯ ಪೊಟ್ಟಣವನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದ. ಬಂದಾಗ ಬಿಸಿ ಬಿಸಿ ತಿಂಡಿ ಕಾದಿತ್ತು. ಎರಡು ಸಲ ಬಡಿಸಿಕೊಂಡು, "ಸಖತ್ತಾಗಿದೆ ಆಂಟಿ" ಎಂದು ಹೊಗಳಿ, ಕೈ ತೊಳೆದು ಕೇಳಿದ: "ಇಲ್ಲೊಂದು ರವೆ ಪ್ಯಾಕೆಟ್ ಇಟ್ಟಿದ್ನಲ್ಲ?"

"ಅದೇನೇ ನೀವೀಗ ತಿಂದಿದ್ದು" ಎಂದರು ಮನೆಯಾಕೆ. "ಬೆಂಗಳೂರಿನೋರು, ಡಯಟ್ಟು ಅಂತ ಮನೆಯಿಂದ್ಲೇ ತಂದಿದ್ದಾರೆ ಅಂದ್ಕೊಂಡು ಉಪ್ಪಿಟ್ಟು ಮಾಡಿಬಿಟ್ಟೆ."

ಅವನು ಕುರ್ಚಿಯಲ್ಲಿ ಕುಸಿದ. ಮೃದಂಗ, ಎಡಮುಖ, ನಾದ ಎಂದು ನಾನು ಸಾವಧಾನವಾಗಿ ವಿವರಿಸಿದೆ. ಆಕೆಗೆ ನಿಜಕ್ಕೂ ಬೇಸರವಾಯಿತು. ಬಾಣಲೆಯ ತಳದಲ್ಲಿ ಉಳಿದಿದ್ದ ಒಂದು ಹಿಡಿಯನ್ನು ಅವನ ಮುಂದೆ ತಂದಿಟ್ಟು ಹೇಳಿದರು:

"ಮೃದಂಗಕ್ಕೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ಒಗ್ಗರಣೆ ಹಾಕ್ತಾನೇ ಇರ್ಲಿಲ್ಲ."

ಕೊನೆಗೆ ಅವರ ಡಬ್ಬಿಯ ಬನ್ಸಿ ರವೆಯನ್ನೇ ಮೆತ್ತಿದೆವು. ನಾದ ಚೆನ್ನಾಗಿಯೇ ಇತ್ತು. ಅವನು ಮಾತ್ರ ಒಪ್ಪಲಿಲ್ಲ.

ಎಕೋ

ಕಚೇರಿ ಒಂದು ಕಲ್ಯಾಣಮಂಟಪದಲ್ಲಿ. ಧ್ವನಿವರ್ಧಕದವರು ಮದುವೆ ಆರ್ಕೆಸ್ಟ್ರಾಗಳಿಗೆ ಹೆಸರಾದವರು. ಪರೀಕ್ಷೆಗೆಂದು ಒಂದು ಷಡ್ಜ ಮೀಟಿದೆ. ಅದು ಎದುರುಗೋಡೆಗೆ ಹೋಗಿ, ಸಂಬಂಧಿಕರನ್ನೆಲ್ಲ ಕರೆದುಕೊಂಡು ವಾಪಸು ಬಂದಿತು.

"ಎಕೋ ತೆಗೆಯಿರಿ" ಎಂದೆ.

"ತೆಗುದ್ರೆ ಡ್ರೈ ಆಗೋಗುತ್ತೆ ಮೇಡಂ. ಜನಕ್ಕೆ ಪ್ರೋಗ್ರಾಮ್ ಅನ್ನಿಸಲ್ಲ."

"ಒಂದು ಸ್ವರ ಒಂದೇ ಸಲ ಕೇಳಬೇಕು. ಅದು ನಮ್ಮ ಸಂಪ್ರದಾಯ."

ಅವರು ನನ್ನ ನರೆಗೂದಲನ್ನೂ ಬೆರಳುಗಳನ್ನೂ ಕನಿಕರದಿಂದ ನೋಡಿದರು. "ಈ ವಯಸ್ಸಲ್ಲಿ ಯಾಕೆ ಮೇಡಂ ಇಷ್ಟು ಕಷ್ಟ? ನೀವು ಒಂದ್ಸಲ ಮೀಟಿ ಸುಮ್ನೆ ಕೂತ್ಕೊಳಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಮಂಗಳ

ಪಲ್ಲವಿಗೆ ಸಂಚಕಾರ ಬಂದದ್ದು ಸನ್ಮಾನದಿಂದ. ಕಚೇರಿಯ ಕೊನೆಗೆ ಜನ ಊಟಕ್ಕೆ ಓಡುತ್ತಾರೆಂದು ಅಲ್ಲಿ ಸನ್ಮಾನವನ್ನು ಮೊದಲೇ ಮುಗಿಸುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಸೂರು ಪೇಟ ಹುಬ್ಬಿನವರೆಗೆ ಇಳಿದು ನಿಂತಿತು. ಮುಖ್ಯ ಅತಿಥಿಗಳು ನನ್ನ ಪಿಟೀಲು ವಾದನವನ್ನು ವಿಸ್ತಾರವಾಗಿ ಕೊಂಡಾಡಿದರು. ಕಾರ್ಯದರ್ಶಿಗಳು ತಮ್ಮ ಊರನ್ನು ಕೊಂಡಾಡಿದರು: "ನಮ್ಮ ಶ್ರೋತೃಗಳು ಬೆಂಗಳೂರಿನವರ ಹಾಗಲ್ಲ. ಮಂಗಳ ಆಗೋವರೆಗೂ ಒಬ್ಬರೂ ಏಳೋದಿಲ್ಲ. ಎದ್ದರೆ ಮನೆಗೆ ಒಳ್ಳೇದಲ್ಲ ಅಂತ ನಮ್ಮ ಹಿರಿಯರ ಕಾಲದಿಂದ ಬಂದ ನಂಬಿಕೆ."

ನನ್ನ ಸಂಜೆಯೆಲ್ಲ ಹೀಗೆ ಕರಗಿದ ಮೇಲೆ ಅವರು ಬಗ್ಗಿ ಪಿಸುಗುಟ್ಟಿದರು. "ಮೇಡಂ, ಬೇಗ ಒಂದೆರಡು ದೇವರನಾಮ ನುಡಿಸಿ ಮಂಗಳ ಹೇಳಿಬಿಡಿ. ಕೆಳಗೆ ಎಲೆ ಹಾಕ್ತಿದ್ದಾರೆ."

"ಪಲ್ಲವಿ?"

"ಮುಂದಿನ ವರ್ಷ ನೋಡೋಣ."

ನಾನು ಪೇಟ ತೆಗೆದಿಟ್ಟು, ಶ್ರುತಿ ಸರಿಪಡಿಸಿಕೊಂಡು, ಕಾಂಭೋಜಿಯನ್ನು ಆರಂಭಿಸಿದೆ.

ರಾಗ ಮುಗಿಯುವ ವೇಳೆಗೆ ಕೆಳಗಿನಿಂದ ಸಾರಿನ ಘಮ ಬಂದಿತು. ಯಾರೂ ಏಳಲಿಲ್ಲ. ತಾನದಲ್ಲಿ ಮುಖ್ಯ ಅತಿಥಿಗಳು ಕುರ್ಚಿಯ ಕೆಳಗೆ ಬಿಚ್ಚಿಟ್ಟಿದ್ದ ಬೂಟುಗಳಲ್ಲಿ ಒಂದನ್ನು ಹಾಕಿಕೊಂಡರು; ಪಕ್ಕದ ಅಜ್ಜಿಯೊಬ್ಬರು ದಿಟ್ಟಿಸಿದೊಡನೆ ಮತ್ತೆ ಬಿಚ್ಚಿದರು. ಪಲ್ಲವಿ ಎತ್ತಿಕೊಂಡಾಗ ಕಾರ್ಯದರ್ಶಿಗಳು ವೇದಿಕೆಯ ಮಗ್ಗುಲಲ್ಲಿ ಕಾಣಿಸಿಕೊಂಡು ಕೈ ಮುಗಿದರು. ರಸಿಕರ ಮೆಚ್ಚುಗೆಗೆ ಕಲಾವಿದರು ಹೇಗೆ ತಲೆದೂಗಬೇಕೋ ಹಾಗೆ ತಲೆದೂಗಿದೆ.

"ಮಂಗಳ, ಮೇಡಂ, ಮಂಗಳ!"

ಅದೇ ಸಾಲನ್ನು ಎರಡನೆಯ ಕಾಲದಲ್ಲಿ, ಎಂದರೆ ದುಪ್ಪಟ್ಟು ವೇಗದಲ್ಲಿ, ಮತ್ತೆ ಮೊದಲಿನಿಂದ ನುಡಿಸತೊಡಗಿದೆ.

ಅವರು ಪರದೆಯ ಹಗ್ಗ ಹಿಡಿದು ನಿಂತಿದ್ದವನ ಕಡೆ ತಿರುಗಿದ್ದು ಕಂಡಿತು. "ಎಳ್ಯೋ!" ಎಂದರು.

"ಮಂಗಳ ಆಗಿಲ್ವಲ್ಲ ಸಾರ್" ಎಂದ ಅವನು. "ನಂಗೂ ಹೆಂಡ್ತಿ ಮಕ್ಕಳವ್ರೆ. ಬೇಕಿದ್ರೆ ನೀವೇ ಎಳೀರಿ." ಹಗ್ಗವನ್ನು ಅವರ ಕೈಗೇ ಕೊಟ್ಟ. ಕಾರ್ಯದರ್ಶಿಗಳು ಹಗ್ಗವನ್ನು ಒಮ್ಮೆ ನೋಡಿದರು, ಮೊದಲ ಸಾಲಿನಲ್ಲಿದ್ದ ತಮ್ಮ ಹೆಂಡತಿಯನ್ನು ಒಮ್ಮೆ ನೋಡಿದರು, ಹಗ್ಗವನ್ನು ಮೆಲ್ಲನೆ ಕೆಳಗಿಟ್ಟರು.

ಮೃದಂಗದವನು ಬೆವರುತ್ತಿದ್ದ. "ಮೇಡಂ, ತನಿ ಬಿಟ್ಟುಬಿಡೋಣ್ವಾ?"

ತನಿ ಎಂದರೆ ಮೃದಂಗವೊಂದೇ ನುಡಿಯುವ ಭಾಗ. "ಯಾಕೆ ಬಿಡಬೇಕು?" ಎಂದೆ. "ಸಾವಕಾಶವಾಗಿ ನುಡಿಸು."

ನುಡಿಸಿದ. ಪಲ್ಲವಿ ಎಲ್ಲಿ ಮುಗಿಯಬೇಕಿತ್ತೋ ಅಲ್ಲಿಯೇ ಮುಗಿಯಿತು, ತಾಳದ ಒಂದು ಆವರ್ತವೂ ಕಡಿಮೆಯಿಲ್ಲದೆ. ನಂತರ ಮಂಗಳ ನುಡಿಸಿದೆ. ಕೊನೆಯ ಸ್ವರ ಇನ್ನೂ ಮಿಡಿಯುತ್ತಿರುವಾಗಲೇ ಮಂಟಪ ಖಾಲಿಯಾಯಿತು; ಮುಖ್ಯ ಅತಿಥಿಗಳು ಬೂಟುಗಳನ್ನು ಕೈಯಲ್ಲಿ ಹಿಡಿದೇ ಇಳಿದರು.

ಕಾರ್ಯದರ್ಶಿಗಳು ನಿಧಾನವಾಗಿ ನನ್ನ ಬಳಿ ಬಂದು ಕುಳಿತರು. ಆಮೇಲೆ ಕೈ ಜೋಡಿಸಿ ಹೇಳಿದರು:

"ಅದ್ಭುತ ಮೇಡಂ. ಮುಂದಿನ ವರ್ಷಾನೂ ನೀವೇ ಬರ್ಬೇಕು, ಪಲ್ಲವೀನೇ ನುಡಿಸ್ಬೇಕು. ಒಂದೇ ಒಂದು ವಿನಂತಿ. ಮಂಗಳ ಮೊದ್ಲು ನುಡಿಸಿಬಿಡಿ. ಆಮೇಲೆ ಬೆಳಗಿನ ತನಕ ನುಡಿಸ್ಕೊಳ್ಳಿ, ನಾವು ಊಟ ಮಾಡ್ಕೊಂಡು ಬರ್ತೀವಿ."